ಪೈನ್ ಮರ ಕೊಲ್ಲುವ ಶಿಲೀಂಧ್ರಕ್ಕೆ ಜೋಡಿ ಕೂಡಿಸುವುದು: ಫ್ಯುಸೇರಿಯಂ ಸರ್ಸಿನೇಟಮ್ ಕ್ರಾಸಿಂಗ್‌ನ ಸಮಗ್ರ ಮಾರ್ಗದರ್ಶಿ

ಕ್ಯಾರೆಟ್ ಅಗರ್ (ಕ್ಯಾರೆಟ್ ರುಬ್ಬಿ ಮಾಡಿದ, ಶಿಲೀಂಧ್ರ ಬೆಳೆಸುವ ಮಾಧ್ಯಮ) ಪ್ಲೇಟಿನ ಮೇಲೆ ಸಾಸಿವೆಗಿಂತ ಸಣ್ಣ, ಕಡುನೀಲಿ ಕಾಳುಗಳು ಎದ್ದ ಮಾತ್ರಕ್ಕೆ ಕ್ರಾಸ್, ಅಂದರೆ ಎರಡು ತಳಿಗಳ ಲೈಂಗಿಕ ಜೋಡಣೆ, ಕೂಡಿಬಂತು ಅಂದುಕೊಳ್ಳಬೇಡಿ. ನನ್ನ ಮೊದಲ ಪ್ಲೇಟಿನಲ್ಲಿ ಅಂಥ ಕಾಳುಗಳು ನೂರಕ್ಕೂ ಹೆಚ್ಚಿದ್ದವು. ಖುಷಿಗೆ ಲ್ಯಾಬಿನವರಿಗೆಲ್ಲ ಚಹಾ ಕೊಡಿಸಿದ್ದೆ. ಮರುದಿನ ಸ್ಲೈಡಿನ ಮೇಲಿಟ್ಟು ಒತ್ತಿ ನೋಡಿದರೆ ಅಷ್ಟೂ ಜೊಳ್ಳು. ಹೊರಗೆ ಸಿಪ್ಪೆ ಇತ್ತು, ಒಳಗೆ ಒಂದೇ ಒಂದು ಬೀಜಕ ಇರಲಿಲ್ಲ. ಅವತ್ತಿನಿಂದ ನಾನು ಕಾಳು ಎಣಿಸುವುದನ್ನು ಬಿಟ್ಟು ಮೊಳೆತ ಮರಿಗಳನ್ನಷ್ಟೇ ಎಣಿಸುತ್ತೇನೆ. ಈ ಬರಹವೂ ಆ ಲೆಕ್ಕದಲ್ಲೇ ನಡೆಯುತ್ತದೆ.

ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಮಾಡುತ್ತಿರುವವರು, ಅಗರ್ ಸುರಿದು ಗೊತ್ತಿದ್ದು ಕ್ರಾಸ್ ಮಾತ್ರ ಮಾಡಿ ಗೊತ್ತಿಲ್ಲದವರು ಇದರ ಓದುಗರು ಎಂದುಕೊಂಡಿದ್ದೇನೆ.

ಯಾವ ಶಿಲೀಂಧ್ರ, ಯಾಕೆ ಇಷ್ಟು ತಲೆಬಿಸಿ

ಪೈನ್‌ಗೆ ಬರುವ ಪಿಚ್ ಕ್ಯಾಂಕರ್ ಎಂಬ ರೋಗಕ್ಕೆ ಫ್ಯುಸೇರಿಯಂ ಸರ್ಸಿನೇಟಮ್ ಕಾರಣ. ಗಾಯದ ಮೂಲಕ ಒಳಹೊಕ್ಕು, ಕೊಂಬೆ ಮತ್ತು ಕಾಂಡದ ತೊಗಟೆಯಡಿ ಹುಣ್ಣು ಮಾಡುತ್ತದೆ. ಹುಣ್ಣಿನಿಂದ ರಾಳ ಧಾರೆಯಾಗಿ ಇಳಿದು ತೊಗಟೆಯ ಮೇಲೆ ಹೆಪ್ಪುಗಟ್ಟುತ್ತದೆ. ತೊಗಟೆ ಕೆತ್ತಿದರೆ ಕೆಳಗಿನ ಕಟ್ಟಿಗೆ ಜೇನುಬಣ್ಣಕ್ಕೆ ತಿರುಗಿರುತ್ತದೆ. ಕೊಂಬೆಯ ತುದಿಯ ಸೂಜಿ ಎಲೆಗಳು ಕೆಂಪಾಗಿ ಒಣಗುತ್ತವೆ. ನರ್ಸರಿಯಲ್ಲಾದರೆ ಸಸಿಗಳು ಬೇರು ಕೊಳೆತು ಸಾಲುಸಾಲಾಗಿ ಸಾಯುತ್ತವೆ.

ರೋಗವನ್ನು ಮೊದಲು ವರದಿ ಮಾಡಿದ್ದು 1946ರಲ್ಲಿ, ಅಮೆರಿಕದ ಆಗ್ನೇಯ ರಾಜ್ಯಗಳಿಂದ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1990ರಲ್ಲಿ ದಕ್ಷಿಣ ಆಫ್ರಿಕಾದ ಒಂದು ನರ್ಸರಿಯ ಪೈನಸ್ ಪ್ಯಾಟುಲಾ ಸಸಿಗಳಲ್ಲಿ ಕಾಣಿಸಿಕೊಂಡಿತು. ಆಮೇಲೆ ಚಿಲಿ, ಸ್ಪೇನ್, ಪೋರ್ಚುಗಲ್ ಹೀಗೆ ಸಾಗಿತು. ಅದರ ತವರು ಮೆಕ್ಸಿಕೊ ಮತ್ತು ಸುತ್ತಲಿನ ಪ್ರದೇಶ ಇರಬಹುದು ಎಂಬುದು ಹೆಚ್ಚಿನವರ ಅಭಿಪ್ರಾಯ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಮಾಂಟೆರೆ ಪೈನ್, ಅಂದರೆ ಪೈನಸ್ ರೇಡಿಯಾಟಾ. ತವರಿನಲ್ಲಿ ಇದು ಕ್ಯಾಲಿಫೋರ್ನಿಯಾ ಕರಾವಳಿಯ ಮೂರು ತುಣುಕು ಕಾಡು ಮತ್ತು ಮೆಕ್ಸಿಕೊದ ಎರಡು ದ್ವೀಪಗಳಲ್ಲಿ ಮಾತ್ರ ಉಳಿದಿರುವ ಮರ. ಪ್ಲಾಂಟೇಶನ್ ಮರವಾಗಿ ಮಾತ್ರ ನ್ಯೂಜಿಲೆಂಡ್, ಚಿಲಿ, ಸ್ಪೇನ್‌ಗಳ ಗುಡ್ಡಗುಡ್ಡಗಳಲ್ಲಿ ಬೆಳೆದು ನಿಂತಿದೆ.

ಈ ಶಿಲೀಂಧ್ರ ಹರಡುವುದು ಮುಖ್ಯವಾಗಿ ಕೊನಿಡಿಯಾಗಳಿಂದ. ಕೊನಿಡಿಯಾ ಅಂದರೆ ತಾಯಿಯ ಅಚ್ಚು. ಲಿಂಗವಿಲ್ಲದೆ ಹುಟ್ಟಿದ ನಕಲು. ಎಲ್ಲವೂ ನಕಲೇ ಆದರೆ ತೋಟಕ್ಕೆ ರೋಗ ನಿರೋಧಕ ಪೈನ್ ತಳಿ ಹುಡುಕುವವನ ಕೆಲಸ ಸ್ವಲ್ಪ ಹಗುರ, ಎದುರಾಳಿ ಒಂದೇ ಮುಖದವನು. ಲೈಂಗಿಕ ಸಂತಾನೋತ್ಪತ್ತಿ ನಡೆಯುತ್ತಿದೆ ಎಂದಾದರೆ ಪ್ರತಿ ಪೀಳಿಗೆಯಲ್ಲೂ ಇಸ್ಪೀಟು ಕಲಸಿ ಹಂಚಿದಂತೆ ಹೊಸ ಜೀನ್ ಜೋಡಣೆಗಳು ಬರುತ್ತವೆ. ಕಾಡಿನ ಮರದ ಮೇಲೆ ಇದರ ಲೈಂಗಿಕ ಕಾಯಿಗಳನ್ನು (ಮೊದಲು ಹೇಳಿದ ಕಡುನೀಲಿ ಕಾಳುಗಳನ್ನು) ಯಾರೂ ಕಂಡಿಲ್ಲ, ಕಂಡದ್ದೆಲ್ಲ ಲ್ಯಾಬಿನಲ್ಲಿ. ಹಾಗಾಗಿ ಒಂದು ಪ್ರದೇಶದ ಶಿಲೀಂಧ್ರ ತಳಿಗಳಿಗೆ ಕೂಡುವ ಶಕ್ತಿ ಇದೆಯೋ ಇಲ್ಲವೋ ತಿಳಿಯಲು ಕ್ರಾಸ್ ಮಾಡಿಯೇ ನೋಡಬೇಕು.

ಮೊದಲು ಅನುಮತಿ

ಭಾರತದಲ್ಲಿ ಕೂತು ಇದನ್ನು ಓದುತ್ತಿದ್ದರೆ ಒಂದು ಮಾತು. ಹಿಮಾಲಯದ ಚಿರ್ ಪೈನ್, ಮೇಘಾಲಯದ ಖಾಸಿ ಪೈನ್ ಇರುವ ದೇಶ ನಮ್ಮದು. ವಿದೇಶದ ಗೆಳೆಯನ ಹತ್ತಿರ ಕೇಳಿ, ಲಕೋಟೆಯಲ್ಲಿ ಶಿಲೀಂಧ್ರ ಒಣಗಿಸಿದ ಫಿಲ್ಟರ್ ಪೇಪರ್ ತುಂಡು ತರಿಸಿಕೊಳ್ಳುವ ಹುಡುಗಾಟ ಬೇಡ. ಜೀವಂತ ಶಿಲೀಂಧ್ರ ತರಿಸಲು 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಡಿ ಪರವಾನಗಿ ಬೇಕು. ಪೈನ್ ಶಿಲೀಂಧ್ರದ ತಳಿಗಳಲ್ಲೇ ಕೆಲಸ ಮಾಡಬೇಕೆಂದರೆ ರೋಗ ಈಗಾಗಲೇ ಇರುವ ದೇಶದ, ಅನುಮತಿ ಇರುವ ಲ್ಯಾಬಿಗೆ ಹೋಗಿ ಮಾಡಿ. ಅಲ್ಲಿಯೂ ಎರಡು ಬೇರೆ ದೇಶಗಳ ತಳಿಗಳನ್ನು ಕೂಡಿಸುವಾಗ ನೀವು ಪ್ರಕೃತಿಯಲ್ಲಿ ಇಲ್ಲದ ಮರಿಗಳನ್ನು ಹುಟ್ಟಿಸುತ್ತಿದ್ದೀರಿ ಎಂಬ ಎಚ್ಚರ ಇರಲಿ.

ಕೈ ಪಳಗಿಸಲು ಪೈನ್ ಬೇಕಾಗಿಯೇ ಇಲ್ಲ. ಮುಸುಕಿನ ಜೋಳದ ಕಾಂಡ ಕೊಳೆಸುವ ಫ್ಯುಸೇರಿಯಂ ವರ್ಟಿಸಿಲಿಯಾಯ್ಡಿಸ್ ಇದರ ದಾಯಾದಿ. ಭತ್ತದ ಪೈರನ್ನು ಸೊರಗಿಸಿ ಉದ್ದಕ್ಕೆಳೆಯುವ ಫ್ಯುಸೇರಿಯಂ ಫ್ಯುಜಿಕುರೊಯ್ ಕೂಡ. ಮೂರೂ ಗಿಬ್ಬರೆಲ್ಲಾ ಫ್ಯುಜಿಕುರೊಯ್ ಎಂಬ ಒಂದೇ ಕುಟುಂಬದವು, ಕ್ರಾಸ್ ಮಾಡುವ ವಿಧಾನವೂ ಹೆಚ್ಚುಕಡಿಮೆ ಒಂದೇ. ಜೋಳದ ಶಿಲೀಂಧ್ರದ ತಳಿಗಳ ಮೇಲೆ ಎರಡು ತಿಂಗಳು ಕೈಯಾಡಿಸಿ ಬಂದವರು ಪೈನ್ ತಳಿಯ ಮೇಲೆ ಅರ್ಧ ತಪ್ಪು ಕಡಿಮೆ ಮಾಡುತ್ತಾರೆ.

ಹೆಣ್ಣು-ಗಂಡು ಬೇರೆ, ಮೇಟಿಂಗ್ ಟೈಪ್ ಬೇರೆ

ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ಹೋಗೋಣ.

ಈ ಶಿಲೀಂಧ್ರದ ಪ್ರತಿ ತಳಿಯಲ್ಲೂ ಒಂದು ಮೇಟಿಂಗ್ ಟೈಪ್, ಅಂದರೆ ಯಾರ ಜೊತೆ ಕೂಡಬಹುದು ಎಂದು ನಿರ್ಧರಿಸುವ ಜೀನ್ ಭಾಗ ಇರುತ್ತದೆ: ಮ್ಯಾಟ್-1 ಅಥವಾ ಮ್ಯಾಟ್-2, ಎರಡರಲ್ಲಿ ಒಂದು ಮಾತ್ರ. ಎರಡೂ ಕ್ರೋಮೋಸೋಮಿನ ಒಂದೇ ಜಾಗದಲ್ಲಿ ಕೂತಿದ್ದರೂ ಡಿಎನ್ಎ ಅಕ್ಷರಕ್ರಮದಲ್ಲಿ ಒಂದಕ್ಕೊಂದು ಹೋಲಿಕೆ ಇಲ್ಲ. ಒಂದೇ ಸೈಟಿನಲ್ಲಿ ಕಟ್ಟಿದ ಎರಡು ಬೇರೆ ಮನೆಗಳ ಹಾಗೆ. ಮ್ಯಾಟ್-1 ತಳಿ ಮ್ಯಾಟ್-2 ಜೊತೆ ಮಾತ್ರ ಕೂಡುತ್ತದೆ. ಸಗೋತ್ರ ವಿವಾಹ ನಿಷಿದ್ಧ ಎಂದು ಒಬ್ಬ ಹಿರಿಯರು ತಮಾಷೆ ಮಾಡುತ್ತಿದ್ದರು.

ಇಷ್ಟು ಕೇಳಿದ ಕೂಡಲೇ ಮ್ಯಾಟ್-1 ಗಂಡು, ಮ್ಯಾಟ್-2 ಹೆಣ್ಣು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ತಪ್ಪು. ಆರೋಗ್ಯವಾಗಿರುವ ಯಾವುದೇ ತಳಿ ಗಂಡೂ ಆಗಬಲ್ಲದು, ಹೆಣ್ಣೂ ಆಗಬಲ್ಲದು. ಯಾವುದು ತನ್ನ ಮೈಯಲ್ಲಿ ಕಾಯಿ ಕಟ್ಟಲು ಎಳೆಗಳನ್ನು ಸಿದ್ಧಮಾಡಿ ಕಾಯುತ್ತದೋ ಅದು ಆ ಪ್ಲೇಟಿನ ಹೆಣ್ಣು. ಯಾವುದರ ಬೀಜಕವನ್ನು ಮೇಲೆ ಸುರಿಯುತ್ತೀರೋ ಅದು ಗಂಡು. ನಾಳೆ ಇನ್ನೊಂದು ಪ್ಲೇಟಿನಲ್ಲಿ ಪಾತ್ರ ಅದಲುಬದಲು ಮಾಡಬಹುದು.

ಗಂಡಾಗುವುದು ಸುಲಭ, ಒಂದು ಜೀವಂತ ಬೀಜಕ ಇದ್ದರೆ ಸಾಕು. ಹೆಣ್ಣಾಗುವುದಕ್ಕೆ ಅನೇಕ ಜೀನ್‌ಗಳು ಸರಿಯಾಗಿ ಕೆಲಸ ಮಾಡಬೇಕು. ವರ್ಷಗಟ್ಟಲೆ ಕೊನಿಡಿಯಾಗಳಲ್ಲೇ ಬಾಳಿದ ತಳಿಗೆ ಅವುಗಳಲ್ಲಿ ಒಂದು ಕೆಟ್ಟರೂ ನಷ್ಟವಿಲ್ಲ, ಏಕೆಂದರೆ ಅದನ್ನು ಯಾರೂ ಬಳಸುತ್ತಿಲ್ಲ. ಹೀಗಾಗಿ ಕಾಡಿನಿಂದ ತಂದ ಹಲವು ತಳಿಗಳು ಗಂಡಾಗಬಲ್ಲವು, ಹೆಣ್ಣಾಗಲಾರವು. ಫ್ರಿಜ್ಜಿನಿಂದ ತೆಗೆದು ಮತ್ತೆ ಮತ್ತೆ ಮರುನಾಟಿ ಮಾಡಿದ ಕಲ್ಚರ್‌ಗಳಿಗೂ ಇದೇ ಗತಿ.

ಆದ್ದರಿಂದ ಪ್ರತಿ ಜೋಡಿಯನ್ನೂ ಎರಡು ದಿಕ್ಕಿನಲ್ಲಿ ಕ್ರಾಸ್ ಮಾಡಬೇಕು. ಒಂದು ದಿಕ್ಕು ಸೋತು ಇನ್ನೊಂದು ಗೆದ್ದರೆ ನಿಮಗೆ ಸಿಕ್ಕಿದ್ದು ಸೋಲಲ್ಲ. ಯಾರು ಹೆಣ್ಣಾಗಬಲ್ಲರು ಎಂಬ ಮಾಹಿತಿ.

ಹಂತ 1: ಒಂದೇ ಬೀಜಕದಿಂದ ಬೆಳೆದ ಕಲ್ಚರ್

ಹುಣ್ಣಿನ ಅಂಚಿನಿಂದ, ಅಂದರೆ ಜೇನುಬಣ್ಣದ ಕಟ್ಟಿಗೆ ಮತ್ತು ಆರೋಗ್ಯವಂತ ಕಟ್ಟಿಗೆ ಸೇರುವಲ್ಲಿಂದ, ಸಣ್ಣ ಚಕ್ಕೆ ತೆಗೆದು ಮೇಲ್ಮೈ ಶುದ್ಧಮಾಡಿ ಫ್ಯುಸೇರಿಯಂಗೆ ಒಗ್ಗುವ ಸೆಲೆಕ್ಟಿವ್ ಮಾಧ್ಯಮದ ಮೇಲಿಡಿ. ಬೆಳೆದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಸುರುಳಿ ಸುತ್ತಿದ ಬರಡು ಎಳೆಗಳು ಕಂಡರೆ ಅದೇ ಇದರ ಗುರುತು, ಸರ್ಸಿನೇಟಮ್ ಎಂಬ ಹೆಸರು ಬಂದದ್ದೂ ಆ ಸುರುಳಿಯಿಂದಲೇ. ಆದರೆ ಸುರುಳಿ ಎಲ್ಲ ಮಾಧ್ಯಮದಲ್ಲೂ ಕಾಣುವುದಿಲ್ಲ, ಡಿಎನ್ಎ ಪರೀಕ್ಷೆ ಮಾಡಿಸುವುದು ಕ್ಷೇಮ.

ಆಮೇಲೆ ಸಿಂಗಲ್ ಸ್ಪೋರ್. ಬೀಜಕಗಳನ್ನು ನೀರಲ್ಲಿ ತೆಳುವಾಗಿ ಬೆರೆಸಿ, ವಾಟರ್ ಅಗರ್ ಮೇಲೆ ಹರಡಿ, ರಾತ್ರಿ ಕಳೆದ ಮೇಲೆ ಮೊಳೆತ ಒಂಟಿ ಬೀಜಕವನ್ನು ಸೂಜಿಯಿಂದ ಎತ್ತಿ. ಬೇಸರದ ಕೆಲಸ, ಆದರೆ ಬಿಟ್ಟರೆ ಮುಂದಿನದೆಲ್ಲ ನೀರಪಾಲು. ಒಂದೇ ಹುಣ್ಣಿನಲ್ಲಿ ಎರಡು ತಳಿ ಸೇರಿಕೊಂಡಿರಬಹುದು. ಅಂಥ ಬೆರಕೆ ಕಲ್ಚರ್ ತನ್ನೊಳಗೇ ಕೂಡಿ ಕಾಯಿ ಕಟ್ಟಿದರೆ, ಒಂಟಿಯಾಗಿಯೇ ಸಂತಾನ ಪಡೆಯುವ ಅಪರೂಪದ ತಳಿ ಸಿಕ್ಕಿತು ಎಂದು ಪ್ರಬಂಧ ಬರೆಯಲು ಕೂರುತ್ತೀರಿ.

ಸಿಕ್ಕ ದಿನವೇ 15% ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಇಟ್ಟುಬಿಡಿ. ಕ್ರಾಸ್‌ಗೆ ಪ್ರತಿ ಸಲ ಅಲ್ಲಿಂದಲೇ ಹೊಸದಾಗಿ ತೆಗೆಯಿರಿ.

ಹಂತ 2: ಮೇಟಿಂಗ್ ಟೈಪ್ ಪತ್ತೆ

ಪಿಸಿಆರ್ ಬರುವ ಮುಂಚೆ ಪ್ರತಿ ತಳಿಯನ್ನೂ ಮೇಟಿಂಗ್ ಟೈಪ್ ಮೊದಲೇ ಗೊತ್ತಿರುವ ಎರಡು ಟೆಸ್ಟರ್ ತಳಿಗಳ ಜೊತೆ ಕೂಡಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಒಂದು ಮಧ್ಯಾಹ್ನದ ಕೆಲಸ. ಈ ಕುಟುಂಬಕ್ಕೆ ಬಳಸುವ ಒಂದು ಪ್ರೈಮರ್ (ಪಿಸಿಆರ್‌ನಲ್ಲಿ ನಕಲು ಶುರುಮಾಡುವ ಡಿಎನ್ಎ ಚೂರು) ಜೋಡಿ ಮ್ಯಾಟ್-1ರಿಂದ ಸುಮಾರು 200 ಬೇಸ್‌ಜೋಡಿಯ ತುಣುಕನ್ನೂ, ಇನ್ನೊಂದು ಮ್ಯಾಟ್-2ರಿಂದ ಸುಮಾರು 800 ಬೇಸ್‌ಜೋಡಿಯ ತುಣುಕನ್ನೂ ಕೊಡುತ್ತವೆ. ಜೆಲ್ ಮೇಲೆ ಕಣ್ಣಿಗೇ ಬೇರೆಯಾಗಿ ಕಾಣುತ್ತವೆ. ಎರಡೂ ಪಟ್ಟಿ ಒಂದೇ ತಳಿಯಲ್ಲಿ ಬಂದರೆ ಹಂತ 1ಕ್ಕೆ ವಾಪಸ್.

ನೂರು ತಳಿ ಪರೀಕ್ಷಿಸಿ ನೂರೂ ಒಂದೇ ಟೈಪ್ ಬಂದರೆ ಆ ಕಾಡಿನಲ್ಲಿ ಈ ಶಿಲೀಂಧ್ರ ಜೋಡಿಯಿಲ್ಲದೆ ಇದೆ ಎನ್ನಬಹುದು. ಎರಡೂ ಸಿಕ್ಕವು ಅಂದ ಮಾತ್ರಕ್ಕೆ ಕೂಡುತ್ತಿವೆ ಎನ್ನುವಂತಿಲ್ಲ. ಸ್ಪೇನ್‌ನಲ್ಲಿ ಎರಡೂ ಟೈಪ್ ಇವೆ, ಆದರೂ ಅಲ್ಲಿನ ತಳಿಗಳು ಬಹುಪಾಲು ಕೆಲವೇ ತಾಯಿಗಳ ನಕಲುಗಳು.

ಹಂತ 3: ಗುರುತಿಗೊಂದು ಕಲೆ

ಹೆಚ್ಚಿನ ಕೈಪಿಡಿಗಳು ಇದನ್ನು ಐಚ್ಛಿಕ ಎಂದು ಬಿಡುತ್ತವೆ. ನನ್ನ ಮಟ್ಟಿಗೆ ಕಡ್ಡಾಯ. ಹುಟ್ಟಿದ ಮರಿ ನಿಜವಾಗಿ ಇಬ್ಬರ ಮರಿಯೇ ಎಂದು ತೋರಿಸಲು ಮೇಟಿಂಗ್ ಟೈಪ್ ಅಲ್ಲದೆ ಇನ್ನೊಂದು ಗುರುತು ಬೇಕು. ಅಗ್ಗದ ಗುರುತು ಅಂದರೆ ನಿಟ್ ಮ್ಯೂಟೆಂಟ್.

ಗಂಡಾಗಲಿರುವ ತಳಿಯನ್ನು 1.5% ಪೊಟ್ಯಾಸಿಯಂ ಕ್ಲೋರೇಟ್ ಹಾಕಿದ ಮಾಧ್ಯಮದಲ್ಲಿ ಬೆಳೆಸಿ. ಕ್ಲೋರೇಟ್ ವಿಷಕ್ಕೆ ತಳಿ ಕುಗ್ಗಿ ಕೂರುತ್ತದೆ. ಒಂದೆರಡು ವಾರದಲ್ಲಿ ಅಂಚಿನಿಂದ ಒಂದು ತುಣುಕು ಬೀಸಣಿಗೆಯ ಹಾಗೆ ಓಡಿ ಬರುತ್ತದೆ. ಅದನ್ನೆತ್ತಿ ನೈಟ್ರೇಟ್ ಒಂದೇ ಸಾರಜನಕವಾಗಿರುವ ಮಾಧ್ಯಮಕ್ಕೆ ಹಾಕಿ. ನೈಟ್ರೇಟ್ ಜೀರ್ಣಿಸಲಾಗದ ಮ್ಯೂಟೆಂಟ್ ಆದರೆ ಹತ್ತಿಯಿಲ್ಲದೆ ತೆಳ್ಳಗೆ, ಗಾಜಿಗೆ ಅಂಟಿದಂತೆ ಹರಡುತ್ತದೆ. ಮಾಮೂಲಿ ತಳಿ ಅದೇ ಮಾಧ್ಯಮದಲ್ಲಿ ಪೊಗದಸ್ತಾಗಿ ಬೆಳೆಯುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮ್ಯೂಟೆಂಟನ್ನು ಗಂಡಾಗಿಯೇ ಬಳಸಿ, ಹೆಣ್ಣಿನ ಕೆಲಸ ಅದಕ್ಕೆ ಹೇರಬೇಡಿ.

ಹಂತ 4: ಕ್ಯಾರೆಟ್ ಅಗರ್

400 ಗ್ರಾಂ ತಾಜಾ ಕ್ಯಾರೆಟ್ ಸಿಪ್ಪೆ ತೆಗೆದು ಹೋಳು ಮಾಡಿ, 400 ಮಿ.ಲೀ. ನೀರಲ್ಲಿ 10 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. 500 ಮಿ.ಲೀ. ನೀರು, 20 ಗ್ರಾಂ ಅಗರ್ ಸೇರಿಸಿ ಮತ್ತೆ 30 ನಿಮಿಷ ಆಟೋಕ್ಲೇವ್. ಸುರಿಯುವಾಗ ಆಗಾಗ ಅಲ್ಲಾಡಿಸುತ್ತಿರಿ, ಇಲ್ಲವಾದರೆ ಗಸಿ ತಳಕ್ಕಿಳಿದು ಕೊನೆಯ ಪ್ಲೇಟುಗಳು ಮಾತ್ರ ಗಟ್ಟಿಯಾಗುತ್ತವೆ. 6 ಸೆಂ.ಮೀ. ಪ್ಲೇಟ್ ಸಾಕು.

ಬಾಡಿದ ಕ್ಯಾರೆಟ್ ತರಬೇಡಿ. ಬೆಂಗಳೂರಿನಲ್ಲಾದರೆ ಹೊಸದಾಗಿ ಬಂದ ಊಟಿ ಕ್ಯಾರೆಟ್ ಆರಿಸಿ, ಚೆನ್ನಾಗಿ ತೊಳೆಯಿರಿ. ಪುಡಿ ರೂಪದ ರೆಡಿಮೇಡ್ ಮಾಧ್ಯಮದಿಂದ ನನಗೆ ಒಮ್ಮೆಯೂ ಒಳ್ಳೆಯ ಕಾಯಿ ಬಂದಿಲ್ಲ.

ಹಂತ 5: ಕೂಡಿಸುವ ದಿನ

ಹೆಣ್ಣು ತಳಿಯನ್ನು ಕ್ಯಾರೆಟ್ ಅಗರ್ ಮೇಲೆ ನಟ್ಟು 7ರಿಂದ 10 ದಿನ ಬಿಡಿ, ಪ್ಲೇಟ್ ತುಂಬಬೇಕು. ಗಂಡು ತಳಿ ಅದೇ ಹೊತ್ತಿಗೆ ಸ್ಲ್ಯಾಂಟಿನಲ್ಲಿ (ಅಗರ್ ಓರೆಯಾಗಿ ಹೆಪ್ಪುಗಟ್ಟಿಸಿದ ನಳಿಕೆಯಲ್ಲಿ) ಬೆಳೆಯುತ್ತಿರಲಿ.

ಗಂಡಿನ ಸ್ಲ್ಯಾಂಟಿಗೆ 2.5% ಟ್ವೀನ್ 60 (ಸೋಪಿನಂಥ ರಾಸಾಯನಿಕ) ದ್ರಾವಣ ಹಾಕಿ ಬೀಜಕಗಳನ್ನು ಕಲಕಿ ತೆಗೆಯಿರಿ. ಸುಮಾರು 1 ಮಿ.ಲೀ. ಅನ್ನು ಹೆಣ್ಣಿನ ಮೇಲೆ ಸುರಿದು ಗಾಜಿನ ಕಡ್ಡಿಯಿಂದ ತಿಕ್ಕಿ. ಹತ್ತಿಯಂಥ ಎಳೆಗಳೆಲ್ಲ ಮಲಗಿ, ನೀರು ಒಳಗಿಳಿದು, ಮೇಲ್ಮೈ ಒದ್ದೆ ಸೆಗಣಿ ಸಾರಿಸಿದ ಅಂಗಳದಂತೆ ಸಮವಾಗಬೇಕು. ಮೊದಲ ಸಲ ಮಾಡುವವರು ಶಿಲೀಂಧ್ರಕ್ಕೆ ನೋವಾದೀತು ಎಂಬಂತೆ ಮೆಲ್ಲಗೆ ಸವರುತ್ತಾರೆ. ಸಂಕೋಚ ಬೇಡ, ಅಗರ್ ಮಾತ್ರ ಹರಿಯದಿರಲಿ.

ಜೊತೆಗೆ ಮೂರು ಕಂಟ್ರೋಲ್ ಇಡಿ: ಹೆಣ್ಣಿನ ಮೇಲೆ ಬರೀ ಟ್ವೀನ್ ದ್ರಾವಣ, ಹೆಣ್ಣಿನ ಮೇಲೆ ಅದರದೇ ಬೀಜಕ, ಖಂಡಿತ ಕೂಡುವ ಟೆಸ್ಟರ್ ಜೋಡಿ. ಮೂರನೆಯದು ಸೋತರೆ ನಿಮ್ಮ ಕ್ಯಾರೆಟ್ಟಿನದೋ ಇನ್‌ಕ್ಯುಬೇಟರಿನದೋ ತಪ್ಪು, ತಳಿಗಳ ಮೇಲೆ ಆರೋಪ ಹೊರಿಸುವಂತಿಲ್ಲ. ಪ್ರತಿ ಕ್ರಾಸ್‌ಗೂ ಕನಿಷ್ಠ ಮೂರು ಪ್ಲೇಟ್, ಎರಡೂ ದಿಕ್ಕು.

ಹಂತ 6: ಕಾಯುವುದು

ಜೋಳದ ಫ್ಯುಸೇರಿಯಂ 25 ಡಿಗ್ರಿಯಲ್ಲೂ ಚೆನ್ನಾಗಿ ಕಾಯಿ ಕಟ್ಟುತ್ತದೆ. ಪೈನ್‌ನದಕ್ಕೆ ತಂಪು ಬೇಕು, 20 ಡಿಗ್ರಿ. ಜೋಳದ ಅಭ್ಯಾಸದಲ್ಲಿ ಬಂದವರು ಇದನ್ನೇ ಮರೆತು ಕೆಡುತ್ತಾರೆ. ದಿನಕ್ಕೆ 12 ಗಂಟೆ ಬೆಳಕು, ಬಿಳಿ ಟ್ಯೂಬ್‌ಲೈಟ್ ಜೊತೆಗೆ ಸಾಧ್ಯವಾದರೆ ಬ್ಲ್ಯಾಕ್‌ಲೈಟ್ ಟ್ಯೂಬ್. ಪ್ಲೇಟುಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿದರೆ ಕೆಳಗಿನವಕ್ಕೆ ಬೆಳಕಿಲ್ಲ. ತೇವ ಆರದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಒಳಗೆ ಏನು ನಡೆಯುತ್ತಿದೆ ಗೊತ್ತಿದ್ದರೆ ಕಾಯುವುದು ಕಷ್ಟವಾಗದು. ಹೆಣ್ಣಿನ ಒಂದು ಸಪೂರ ಎಳೆ ಗಂಡಿನ ಬೀಜಕವನ್ನು ತಡವಿ ಹಿಡಿದು ಅದರ ನ್ಯೂಕ್ಲಿಯಸ್ಸನ್ನು ಒಳಗೆಳೆದುಕೊಳ್ಳುತ್ತದೆ. ಎರಡು ನ್ಯೂಕ್ಲಿಯಸ್‌ಗಳು ಕೂಡಲೇ ಬೆರೆಯುವುದಿಲ್ಲ. ಒಂದೇ ಮನೆಯಲ್ಲಿ ಬೇರೆ ಕೋಣೆಯವರಂತೆ ಜೊತೆಜೊತೆಗೆ ವಿಭಜನೆಯಾಗುತ್ತ ಹೋಗುತ್ತವೆ. ಸುತ್ತಲೂ ಕಾಯಿಯ ಗೋಡೆ ಏಳುತ್ತದೆ, ಇದೇ ಪೆರಿಥೀಸಿಯಂ. ಕೊನೆಗೆ ಕೊಕ್ಕೆಯ ಹಾಗೆ ಬಾಗಿದ ಎಳೆಯಲ್ಲಿ ತುದಿಯಿಂದ ಎರಡನೆಯ ಕೋಶದೊಳಗೆ ಎರಡೂ ಬೆರೆತು ಒಂದಾಗಿ, ಬೆನ್ನಿಗೇ ಮಿಯಾಸಿಸ್ (ಕ್ರೋಮೋಸೋಮ್ ಸಂಖ್ಯೆ ಅರ್ಧವಾಗುವ ವಿಭಜನೆ) ನಡೆದು ನಾಲ್ಕಾಗಿ, ಮತ್ತೊಂದು ವಿಭಜನೆಯಿಂದ ಎಂಟಾಗುತ್ತವೆ. ಅದಕ್ಕೇ ಪ್ರತಿ ಆಸ್ಕಸ್ ಚೀಲದಲ್ಲಿ ಎಂಟು ಆಸ್ಕೋಸ್ಪೋರ್, ಅಂದರೆ ಲೈಂಗಿಕ ಬೀಜಕ. ಗೋಡೆ ಎದ್ದಿತು, ಮಿಯಾಸಿಸ್ ನಡೆಯಲಿಲ್ಲ ಎಂದರೆ ನನ್ನ ಮೊದಲ ಪ್ಲೇಟಿನ ಜೊಳ್ಳು.

ಎರಡು ವಾರಕ್ಕೆ ಕಾಯಿ ಕಾಣಲು ಶುರುವಾಗುತ್ತದೆ. ಮೂರರಿಂದ ಆರು ವಾರದೊಳಗೆ ಕಾಯಿಯ ಬಾಯಿಂದ ಬೀಜಕಗಳ ಅಂಟು ಮುದ್ದೆ, ಶಾವಿಗೆಯ ಎಳೆಯ ಹಾಗೆ, ಹೊರಬರುತ್ತದೆ. ವಾರಕ್ಕೊಮ್ಮೆ ನೋಡಿ, ಆರು ವಾರ ತುಂಬದೆ ಎಸೆಯಬೇಡಿ.

ಹಂತ 7: ಮರಿಗಳನ್ನು ಎತ್ತುವುದು

ಮೊದಲು ಒಂದು ಕಾಯಿಯನ್ನು ನೀರಿನ ಹನಿಯಲ್ಲಿ ಒತ್ತಿ ನೋಡಿ. ಚೀಲಗಳು ಹೂವಿನ ದಳದಂತೆ ಗೊಂಚಲಾಗಿ ಹೊರಬಂದರೆ ಈಗ ಚಹಾ ಕೊಡಿಸಬಹುದು.

ಅಂಟು ಮುದ್ದೆಯ ತುದಿಯನ್ನಷ್ಟೇ ಸೂಜಿಯಿಂದ ಮುಟ್ಟಿ ಶುದ್ಧ ನೀರಿಗೆ ಅದ್ದಿ. ಸೂಜಿ ಪಕ್ಕದ ಹತ್ತಿಗೆ ತಾಗಿದರೆ ಗಂಡಿನ ಅಥವಾ ಹೆಣ್ಣಿನ ಕೊನಿಡಿಯಾ ಸೇರಿಕೊಳ್ಳುತ್ತವೆ, ಅವು ಮರಿಗಳಲ್ಲ, ಅಪ್ಪ-ಅಮ್ಮಂದಿರ ನಕಲು. ಮೈಕ್ರೋಸ್ಕೋಪಿನಲ್ಲಿ ನೋಡಿ: ಆಸ್ಕೋಸ್ಪೋರ್‌ಗೆ ನಡುವೆ ಒಂದು ಅಡ್ಡಗೋಡೆ, ಎರಡು ಕೋಣೆ. ಸಣ್ಣ ಕೊನಿಡಿಯಾಗೆ ಸಾಮಾನ್ಯವಾಗಿ ಒಂದೇ ಕೋಣೆ. ಕೆಲವು ಕಾಯಿಗಳು ಬೀಜಕಗಳನ್ನು ಮುಚ್ಚಳಕ್ಕೆ ಚಿಮ್ಮಿಸುತ್ತವೆ. ಅಲ್ಲಿಂದ ತೆಗೆದವು ಹೆಚ್ಚು ಶುದ್ಧ.

ನೀರಲ್ಲಿ ತೆಳುಮಾಡಿ ವಾಟರ್ ಅಗರ್ ಮೇಲೆ ಹರಡಿ. ರಾತ್ರಿ ಕಳೆದರೆ ಮೊಳೆಯುತ್ತವೆ. ಒಂದೊಂದಾಗಿ 48 ಎತ್ತಿ, ಸಾಧ್ಯವಾದರೆ ಬೇರೆ ಬೇರೆ ಕಾಯಿಗಳಿಂದ.

ಹಂತ 8: ಲೆಕ್ಕ

ಪ್ರತಿ ಮರಿಗೂ ಮೇಟಿಂಗ್ ಟೈಪ್ ಪಿಸಿಆರ್ ಮಾಡಿ, ನೈಟ್ರೇಟ್ ಮಾಧ್ಯಮದ ಮೇಲೂ ಬೆಳೆಸಿ. ಹೆಣ್ಣು ಮ್ಯಾಟ್-1 ಮಾಮೂಲಿ, ಗಂಡು ಮ್ಯಾಟ್-2 ನಿಟ್ ಇದ್ದರೆ ನಾಲ್ಕು ಗುಂಪು ಸಿಗಬೇಕು: ಮ್ಯಾಟ್-1 ಮಾಮೂಲಿ, ಮ್ಯಾಟ್-2 ನಿಟ್, ಮ್ಯಾಟ್-1 ನಿಟ್, ಮ್ಯಾಟ್-2 ಮಾಮೂಲಿ. ಮೊದಲೆರಡು ಹೆತ್ತವರ ಪಡಿಯಚ್ಚು, ಕೊನೆಯ ಎರಡು ಹೊಸ ಜೋಡಣೆ. ಎರಡು ಗುರುತುಗಳೂ ಬೇರೆ ಬೇರೆ ಕ್ರೋಮೋಸೋಮಿನಲ್ಲಿದ್ದರೆ ಪ್ರತಿ ಗುಂಪಿನಲ್ಲಿ 12ರ ಆಸುಪಾಸು ಬರಬೇಕು. ಕೈ-ವರ್ಗ (chi-square) ಪರೀಕ್ಷೆಯ ಬೆಲೆ 7.81 ದಾಟದಿದ್ದರೆ 1:1:1:1 ಎನ್ನಲು ಅಡ್ಡಿಯಿಲ್ಲ. ಹೆತ್ತವರ ಗುಂಪುಗಳು ದೊಡ್ಡವಾಗಿ, ಹೊಸ ಗುಂಪುಗಳು ಸಣ್ಣವಾಗಿದ್ದರೂ ಚಿಂತೆಯಿಲ್ಲ, ಗುರುತುಗಳು ಹತ್ತಿರ ಹತ್ತಿರ ಕೂತಿರಬಹುದು. ಹೊಸ ಗುಂಪುಗಳಲ್ಲಿ ಒಂದೂ ಮರಿ ಇಲ್ಲದಿದ್ದರೆ ಮಾತ್ರ ಕೊನಿಡಿಯಾಗಳನ್ನೇ ಎತ್ತಿದ್ದೀರೇನೋ ಎಂದು ಅನುಮಾನಿಸಿ.

ಇಂಥ ಮರಿಗಳ ಗುಂಪೇ ಮುಂದೆ ಜೀನ್ ನಕ್ಷೆಗೆ ಕಚ್ಚಾವಸ್ತು. ದಕ್ಷಿಣ ಆಫ್ರಿಕಾದವರು ಸರ್ಸಿನೇಟಮ್ ಅನ್ನು ಅದರ ದಾಯಾದಿ ಫ್ಯುಸೇರಿಯಂ ಸಬ್‌ಗ್ಲುಟಿನಾನ್ಸ್ ಜೊತೆ ಕೂಡಿಸಿ, ಆ ಮರಿಗಳಿಂದ 12 ಲಿಂಕೇಜ್ ಗುಂಪುಗಳ (ಒಟ್ಟೊಟ್ಟಿಗೆ ಸಾಗುವ ಗುರುತುಗಳ ಗುಂಪು) ನಕ್ಷೆ ಬರೆದರು. 2012ರಲ್ಲಿ ಸರ್ಸಿನೇಟಮ್‌ನ ಪೂರ್ತಿ ಜೀನೋಮನ್ನೂ ಅಲ್ಲಿಯೇ ಪ್ರಕಟಿಸಿದರು. ಆಫ್ರಿಕಾದಿಂದ ಬಂದ ಮೊದಲ ಶಿಲೀಂಧ್ರ ಜೀನೋಮ್ ಅದು.

ಕೂಡದಿದ್ದರೆ

ಟೆಸ್ಟರ್ ಜೋಡಿ ಕಾಯಿ ಕಟ್ಟಿ ನಿಮ್ಮ ಜೋಡಿ ಕಟ್ಟದಿದ್ದರೆ, ನಿಮ್ಮ ಎರಡೂ ತಳಿಗಳನ್ನು ಗಂಡಾಗಿ ಮಾಡಿ ಟೆಸ್ಟರ್ ಹೆಣ್ಣಿನ ಮೇಲೆ ಹಾಕಿ. ಅಲ್ಲಿ ಕೂಡಿದರೆ ಅವಕ್ಕೆ ಹೆಣ್ಣಾಗುವ ಶಕ್ತಿ ಹೋಗಿದೆ, ಜಾತಿ ಮಾತ್ರ ಅದೇ. ಜೊಳ್ಳು ಕಾಯಿ ಬಂದರೆ ತಾಪಮಾನ ಇಳಿಸಿ ಮತ್ತೊಮ್ಮೆ ಮಾಡಿ. ಆಗಲೂ ಜೊಳ್ಳೇ ಬಂದರೆ ಎರಡು ತಳಿಗಳೂ ಒಂದೇ ಜಾತಿಯವೇ ಎಂದು ಡಿಎನ್ಎ ನೋಡಿ ಖಚಿತ ಮಾಡಿಕೊಳ್ಳಿ. ಕಂಟ್ರೋಲ್‌ನಲ್ಲಿ, ಅಂದರೆ ತನ್ನದೇ ಬೀಜಕ ಹಾಕಿದ ಪ್ಲೇಟಿನಲ್ಲಿ, ಕಾಯಿ ಬಂದರೆ ಹಂತ 1ರ ಸಿಂಗಲ್ ಸ್ಪೋರ್ ಕೆಲಸವನ್ನು ಯಾರಿಗೆ ವಹಿಸಿದ್ದಿರಿ ಎಂದು ಕೇಳಿಕೊಳ್ಳಿ. ವರದಿ ಬರೆಯುವಾಗ ಸೋತ ಕ್ರಾಸ್‌ಗೆ "ಬರಡು" ಎಂದು ಬರೆಯಬೇಡಿ. ಈ ತಾಪಮಾನದಲ್ಲಿ, ಈ ಮಾಧ್ಯಮದಲ್ಲಿ, ಇಷ್ಟು ವಾರದಲ್ಲಿ, ಈ ದಿಕ್ಕಿನಲ್ಲಿ ಕೂಡಲಿಲ್ಲ ಎಂದು ಬರೆಯಿರಿ.

ಕೆಲಸ ಮುಗಿದ ಪ್ಲೇಟುಗಳನ್ನು ಮುಚ್ಚಳ ಸಮೇತ 121 ಡಿಗ್ರಿಯಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿಯೇ ಹೊರಹಾಕಿ. ಮುಚ್ಚಳವನ್ನು ತೊಳೆದು ಮರುಬಳಸುವ ಉಳಿತಾಯದ ಬುದ್ಧಿ ಇಲ್ಲಿ ಬೇಡ. ಚಿಮ್ಮಿದ ಬೀಜಕಗಳು ಇರುವುದೇ ಅಲ್ಲಿ.